ಇಲ್ಲಿ ಎಲ್ಲರೂ ಕ್ಷೇಮ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ನಾವು ಭಾಷಣ ಮಾಡೋಕೆ ಬಂದಿಲ್ಲ. ಭಾಷಣ ನೀವು ಬೇಕಾದಷ್ಟು ಕೇಳಿದೀರಿ. ಏಪ್ರಿಲ್ 14 ಬಂತು ಅಂದರೆ ಹಾರ ಹಾಕುವವರು, ಫೋಟೋ ತೆಗೆಸಿಕೊಳ್ಳುವವರು, ‘ಚೆನ್ನಾಗಿ ಓದಿ ಮುಂದೆ ಬನ್ನಿ’ ಎಂದು ಹೇಳಿ ಕಾರು ಹತ್ತುವವರು ನಿಮ್ಮ ಹಾಸ್ಟೆಲಿಗೂ ಬರುತ್ತಾರೆ. ಮುಂದೆ ಬನ್ನಿ ಅನ್ನುತ್ತಾರೆ, ಸರಿ. ಎಲ್ಲಿಂದ ಮುಂದೆ? ಯಾರನ್ನು ಹಿಂದೆ ಬಿಟ್ಟು ಮುಂದೆ? ಅದನ್ನು ಯಾರೂ ಹೇಳುವುದಿಲ್ಲ. ಅದರ ಬಗ್ಗೆ ಎರಡು ಮಾತು ಆಡಿ ಹೋಗೋಣ ಅಂತ ಬಂದಿದ್ದೇವೆ.

ನಾವು ಅಂದರೆ ಯಾರು? ಎಪ್ಪತ್ತರ ದಶಕದ ಕೊನೆಯಲ್ಲಿ ಮೈಸೂರಿನ ಒಂದು ಹಾಸ್ಟೆಲಿನ ಒಂದೇ ರೂಮಿನಲ್ಲಿ ಏಳು ಜನ ಇದ್ದೆವು. ಏಳು ಚಾಪೆ, ಏಳು ತಗಡಿನ ಟ್ರಂಕು, ಒಂದು ಬಲ್ಬು. ಏಳೂ ಜನ ಕೇರಿಯಿಂದ ಬಂದವರು. ಏಳೂ ಜನರ ಮನೆಯಲ್ಲಿ ಹೈಸ್ಕೂಲು ದಾಟಿದ ಮೊದಲ ತಲೆ ಅಂದರೆ ನಾವೇ. ಈಗ ಮುದುಕರಾಗಿದ್ದೇವೆ. ಕೆಲವರು ನೌಕರಿ ಮಾಡಿ ರಿಟೈರ್ ಆದರು, ಕೆಲವರು ಚಳುವಳಿ ಅಂತ ತಿರುಗಿದರು, ಒಬ್ಬ ತೀರಿಕೊಂಡ. ಈ ಮಾತು ಆ ಏಳೂ ಜನರದ್ದು. ಇದರಲ್ಲಿ ಯಾವ ತಪ್ಪು ಯಾರದ್ದು ಅಂತ ವಿಂಗಡಿಸಿ ಕೇಳಬೇಡಿ. ಎಲ್ಲವೂ ನಮ್ಮದೇ.

ಮೊದಲು ಒಂದು ಕಾಗದದ ವಿಚಾರ ಹೇಳುತ್ತೇವೆ.

ಆಗ ಮನೆಗೂ ನಮಗೂ ನಡುವೆ ಇದ್ದದ್ದು ಅಂಚೆ ಕಾಗದ ಒಂದೇ. ಅಪ್ಪ ಅವ್ವನಿಗೆ ಓದು ಬರಹ ಇಲ್ಲ. ಕೇರಿಯಲ್ಲಿ ಅಕ್ಷರ ಬಲ್ಲವರು ನಾವು, ನಾವೋ ಊರು ಬಿಟ್ಟು ಬಂದಿದ್ದೇವೆ. ಕಾಗದ ಬರೆಸಬೇಕು ಅಂದರೆ ಅವ್ವ ಊರೊಳಕ್ಕೆ ಹೋಗಬೇಕು. ಯಜಮಾನರ ಮನೆಯ ಹುಡುಗ ಜಗಲಿ ಮೇಲೆ ಕೂತು ಬರೆಯುತ್ತಾನೆ. ಅವ್ವ ಜಗಲಿಯ ಕೆಳಗೆ, ಬೀದಿಯಲ್ಲಿ ನಿಂತು ಹೇಳುತ್ತಾಳೆ. ಅಪ್ಪ ಜೀತಕ್ಕಿದ್ದದ್ದು ಅದೇ ಯಜಮಾನರ ಮನೆಯಲ್ಲಿ. ಜೀತ ರದ್ದು ಮಾಡುವ ಕಾಯಿದೆ 1976ರಲ್ಲೇ ಬಂದಿತ್ತು ನಿಜ. ಆದರೆ ನಮ್ಮೂರಲ್ಲಿ ಜೀತ ತನ್ನ ಹೆಸರನ್ನು ಮಾತ್ರ ಬದಲಾಯಿಸಿಕೊಂಡಿತ್ತು. ಸಾಲ ಅಂದರು, ಮುಂಗಡ ಅಂದರು, ಕೆಲಸ ಅದೇ, ಕೊಟ್ಟಿಗೆ ಅದೇ.

ಈಗ ನೀವೇ ಹೇಳಿ. ಆ ಜಗಲಿಯ ಕೆಳಗೆ ನಿಂತ ಹೆಂಗಸು ತನ್ನ ಮಗನಿಗೆ ಏನಂತ ಬರೆಸಿಯಾಳು? ‘ನಿನ್ನ ಪುಸ್ತಕದ ದುಡ್ಡಿಗೆ ನಿಮ್ಮಪ್ಪ ಇನ್ನೊಂದು ವರ್ಷಕ್ಕೆ ಹೆಬ್ಬೆಟ್ಟು ಒತ್ತಿದ್ದಾನೆ’ ಅಂತ ಬರೆಸುವುದಕ್ಕಾಗುತ್ತದ? ‘ಮೊನ್ನೆ ನಿಮ್ಮಪ್ಪನಿಗೆ ಕೈಮಾಡಿದರು’ ಅಂತ ಬರೆಸುವುದಕ್ಕಾಗುತ್ತದ? ಕೈಮಾಡಿದವರ ಮಗನೇ ಬರೆಯುತ್ತಾ ಕೂತಿದ್ದಾನೆ. ಆದ್ದರಿಂದ ಪ್ರತಿ ಕಾಗದದಲ್ಲೂ ಒಂದೇ ಮಾತು: ‘ಉಭಯಕುಶಲೋಪರಿ ಸಾಂಪ್ರತ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಕಾಗದ ಬರೆಯುವುದು.’ ನಮ್ಮವ್ವನ ನಾಲಿಗೆ ಮೇಲೆ ಆ ಉಭಯಕುಶಲ ಹೊರಳುವುದೇ ಇಲ್ಲ. ಅದು ಅವರ ಮಾತು. ನಮಗೆ ನಮ್ಮವ್ವನ ಕಾಗದ ಬರುತ್ತಿತ್ತು, ನಮ್ಮವ್ವನ ಮಾತು ಮಾತ್ರ ಬರುತ್ತಿರಲಿಲ್ಲ.

ನಾವು ಏನು ಬರೆಯುತ್ತಿದ್ದೆವು? ನಾವೂ ಅದನ್ನೇ. ನಮ್ಮ ಕಾಗದವನ್ನೂ ಅದೇ ಜಗಲಿಯ ಮೇಲೆ ಓದಬೇಕಲ್ಲ. ವಾರದಿಂದ ಜ್ವರ, ಸ್ಕಾಲರ್‌ಷಿಪ್ ಇನ್ನೂ ಬಂದಿಲ್ಲ, ಕ್ಲಾಸಿನಲ್ಲಿ ಇಂಗ್ಲಿಷ್ ತಲೆಗೆ ಹತ್ತುತ್ತಿಲ್ಲ ಅಂತ ಬರೆದರೆ ‘ನೋಡಮ್ಮ, ನಿನ್ನ ಮಗನ ಕೈಲಿ ಆಗೋ ಕೆಲಸವ ಇದು? ಕರೆಸ್ಕೊ, ದನ ಮೇಯಿಸ್ಲಿ’ ಅಂತಾರೆ. ಅದಕ್ಕೇ ನಾವೂ ಬರೆದೆವು: ‘ನಾನು ಇಲ್ಲಿ ಕ್ಷೇಮ. ಚೆನ್ನಾಗಿ ಓದುತ್ತಿದ್ದೇನೆ.’ ಹೀಗೆ ವರ್ಷಗಟ್ಟಲೆ ಮನೆಯವರು ನಮಗೆ ಸುಳ್ಳು ಹೇಳಿದರು, ನಾವು ಮನೆಯವರಿಗೆ ಸುಳ್ಳು ಹೇಳಿದೆವು. ಎರಡೂ ಪ್ರೀತಿಯ ಸುಳ್ಳೇ. ಆದರೆ ಸುಳ್ಳು.

ಈ ಸುಳ್ಳು ಕಾಗದದಲ್ಲೇ ಉಳಿದಿದ್ದರೆ ನಾವು ಇವತ್ತು ಬಂದು ಮಾತಾಡುತ್ತಿರಲಿಲ್ಲ. ಅದು ಬಾಳುವ ರೀತಿಯೇ ಆಗಿಬಿಟ್ಟಿತು.

ಪೇಟೆಯಲ್ಲಿ ಹೇಗಿದ್ದೆವು ಕೇಳಿ. ರೂಮಿನಲ್ಲಿ ಏಳು ಜನಕ್ಕೆ ಒಂದು ಒಳ್ಳೆ ಬಿಳಿ ಷರಟು ಇತ್ತು. ಯಾರಿಗೆ ಮುಖ್ಯವಾದ ಕೆಲಸವೋ ಅವರು ಹಾಕಿಕೊಳ್ಳುವುದು. ಅಡುಗೆ ಮನೆಯಿಂದ ಕೆಂಡ ಬೇಡಿ ತಂದು, ಹಿತ್ತಾಳೆ ಚೊಂಬಿಗೆ ತುಂಬಿ, ಅದರಲ್ಲೇ ಇಸ್ತ್ರಿ ಮಾಡುತ್ತಿದ್ದೆವು. ಆ ಷರಟು ಹಾಕಿಕೊಂಡರೆ ಕಾಲೇಜಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಅನ್ನೋ ಧೈರ್ಯ. ಏನು ಗೊತ್ತಾಗಬಾರದು? ಅದನ್ನು ಮಾತ್ರ ನಾವು ನಾವೇ ಕೂಡ ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ. ‘ಯಾವ ಊರು?’ ಅಂತ ಕೇಳಿದರೆ ಊರ ಹೆಸರು ಹೇಳುತ್ತಿದ್ದೆವು. ‘ಊರಲ್ಲಿ ಯಾರ ಪೈಕಿ?’ ಅಂತ ಕೇಳಿದರೆ ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದೆವು. ನಮ್ಮಲ್ಲೊಬ್ಬ ತನ್ನಪ್ಪನಿಗೆ ಜಮೀನಿದೆ ಅಂತ ಹೇಳಿದ್ದ. ಇನ್ನೊಬ್ಬ ತನ್ನ ಹೆಸರನ್ನೇ ಬದಲಾಯಿಸಿಕೊಂಡ. ಊರಲ್ಲಿ ಅವ್ವ ಅಜ್ಜನ ಹೆಸರಿಟ್ಟು ಕರೆದ ಹುಡುಗ ಪೇಟೆಯಲ್ಲಿ ‘ಕುಮಾರ್’ ಆದ.

ಸ್ಕಾಲರ್‌ಷಿಪ್ ಬಂದ ದಿನ ಕ್ಲಾಸಿನಲ್ಲಿ ಹೆಸರು ಕೂಗುತ್ತಿದ್ದರು. ಎದ್ದು ನಿಂತರೆ ಹಿಂದಿನ ಬೆಂಚಿನವರು ‘ಗೌರ್ಮೆಂಟ್ ಬ್ರಾಹ್ಮಣರು’ ಅಂತ ನಗುತ್ತಿದ್ದರು. ಆ ಕುಹಕದ ಮಾತನ್ನೇ ಅರವಿಂದ ಮಾಲಗತ್ತಿ ಅವರು ಮುಂದೆ ತಮ್ಮ ಆತ್ಮಕಥನಕ್ಕೆ ಹೆಸರಾಗಿ ಇಟ್ಟರು. ನಮಗೆ ಆಗ ಅಷ್ಟು ಎದೆಗಾರಿಕೆ ಇರಲಿಲ್ಲ. ಆ ಸ್ಕಾಲರ್‌ಷಿಪ್ಪು ಯಾರಪ್ಪನ ಭಿಕ್ಷೆಯೂ ಅಲ್ಲ ಅಂತ ಹೇಳೋಕೂ ಗೊತ್ತಿರಲಿಲ್ಲ. ಮೆಟ್ರಿಕ್ ಆದ ಮೇಲಿನ ಓದಿಗೆ ಪರಿಶಿಷ್ಟ ಜಾತಿಯವರಿಗೆ ಸರ್ಕಾರದ ಸ್ಕಾಲರ್‌ಷಿಪ್ ಶುರುವಾದದ್ದು 1944ರಲ್ಲಿ. ಆಗ ಬಾಬಾಸಾಹೇಬರು ವೈಸರಾಯರ ಕೌನ್ಸಿಲ್ಲಿನಲ್ಲಿ ಕೂತು ನಮ್ಮ ಪಾಲು ಕೇಳುತ್ತಿದ್ದರು. ಗೊತ್ತಿದ್ದರೆ ತಲೆ ಎತ್ತಿಕೊಂಡು ಹೋಗಿ ತೆಗೆದುಕೊಳ್ಳುತ್ತಿದ್ದೆವು.

ಇತ್ತ ಪೇಟೆಗೆ ಒಂದು ವೇಷ, ಅತ್ತ ಕೇರಿಗೆ ಇನ್ನೊಂದು ವೇಷ. ಮಾರಿಹಬ್ಬಕ್ಕೆ ಊರಿಗೆ ಹೋದರೆ ಕೇರಿಯೇ ಎದುರಿಗೆ ಬರುತ್ತಿತ್ತು. ‘ನಮ್ಮ ಹೈದ ಅಮಲ್ದಾರ ಆಯ್ತಾನೆ’ ಅನ್ನೋರು. ಒಬ್ಬ ದೊಡ್ಡಪ್ಪ ಬಂದು ತನ್ನ ಜಮೀನಿನ ಕೋರ್ಟು ಕಾಗದ ಬಿಚ್ಚಿ ಓದು ಅನ್ನೋನು. ಒಬ್ಬ ಮಾವ ‘ನಮ್ಮ ಹುಡುಗೀನ ನಿನಗೇ ಅಂತ ಇಟ್ಟಿದೀನಿ’ ಅನ್ನೋನು. ಸೋರುವ ಮಾಡು ತೋರಿಸಿ ಅವ್ವ ‘ನಿನ್ನ ಮೊದಲ ಸಂಬಳದಲ್ಲಿ ಹೆಂಚು ಹೊದಿಸಬೇಕು’ ಅನ್ನೋಳು. ಇವೆಲ್ಲ ತಪ್ಪು ಆಸೆಗಳಲ್ಲ. ಸಾವಿರಾರು ವರ್ಷ ಏನನ್ನೂ ಕಾಣದವರು ಒಬ್ಬ ಮಗನನ್ನು ಕಂಡಾಗ ಆ ಮಗನ ಮೇಲೇ ಎಲ್ಲವನ್ನೂ ಹೇರುತ್ತಾರೆ. ಆದರೆ ಹದಿನೆಂಟು ವರ್ಷದ ಒಂದು ಹೆಗಲು ಎಷ್ಟು ಹೊರುತ್ತದೆ? ಹೊರಲಾರೆ ಅಂತ ಹೇಳುವ ಬಾಯಿಯೂ ನಮಗಿರಲಿಲ್ಲ. ಕ್ಷೇಮ ಅಂತ ಬರೆದು ಬರೆದು ಆ ಬಾಯಿ ಕಟ್ಟಿಹೋಗಿತ್ತು.

ನಮ್ಮಲ್ಲೊಬ್ಬ ಪಿಯುಸಿ ಎರಡನೇ ವರ್ಷದಲ್ಲಿ ಫೇಲಾದ. ಇಂಗ್ಲಿಷಿನಲ್ಲಿ ಹೋಯಿತು. ರೂಮಿನಲ್ಲಿ ಎಲ್ಲರಿಗಿಂತ ಬುದ್ಧಿವಂತ ಅವನು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಒಂದೇ ಸಲಕ್ಕೆ ಇಂಗ್ಲಿಷಿನಲ್ಲಿ ಸೈನ್ಸ್ ತೆಗೆದುಕೊಂಡರೆ ಏನಾಗುತ್ತದೆ ಅನ್ನೋದು ನಿಮಗೆ ನಾವು ಹೇಳಬೇಕಿಲ್ಲ. ರಿಸಲ್ಟು ನೋಡಿಕೊಂಡು ಬಂದ, ಟ್ರಂಕು ಕಟ್ಟಿದ, ಊರಿಗೆ ಹೋಗುತ್ತೇನೆ ಅಂದ. ನಾವು ಬಸ್‌ಸ್ಟಾಂಡಿನವರೆಗೂ ಹೋಗಿ ಕಳಿಸಿ ಬಂದೆವು. ದಾರಿಯುದ್ದಕ್ಕೂ ಸಿನಿಮಾ ವಿಚಾರ ಮಾತಾಡಿದೆವು. ಫೇಲಾದದ್ದರ ಬಗ್ಗೆ ಒಬ್ಬರೂ ಒಂದು ಮಾತು ಎತ್ತಲಿಲ್ಲ. ಎತ್ತಿದರೆ ಅವನಿಗೆ ನೋವಾಗುತ್ತದೆ ಅಂದುಕೊಂಡೆವು. ನಿಜ ಏನೆಂದರೆ ನಮಗೇ ಭಯ ಇತ್ತು.

ಅವನು ಊರಿಗೆ ಹೋಗಲಿಲ್ಲ. ಒಂದು ವರ್ಷದ ಮೇಲೆ ಅವನಪ್ಪ ಹೆಗಲ ಮೇಲೊಂದು ಟವಲು, ಕೈಲೊಂದು ರಾಗಿಹಿಟ್ಟಿನ ಗಂಟು ಹಿಡಿದು ನಮ್ಮ ಹಾಸ್ಟೆಲಿಗೆ ಬಂದರು. ‘ನಮ್ಮ ಹೈದ ಎಲ್ಲವನೆ?’ ಅಂದರು. ಆಗ ನಮಗೆ ತಿಳಿಯಿತು. ಆ ಒಂದು ವರ್ಷವೂ ಮನೆಗೆ ಕಾಗದ ಹೋಗುತ್ತಲೇ ಇತ್ತು: ‘ನಾನು ಇಲ್ಲಿ ಕ್ಷೇಮ. ಚೆನ್ನಾಗಿ ಓದುತ್ತಿದ್ದೇನೆ.’ ಹುಡುಕುತ್ತಾ ಹೊರಟೆವು. ಬೆಂಗಳೂರಿನಲ್ಲಿ ಒಂದು ಹೋಟೆಲಿನ ಹಿತ್ತಲಲ್ಲಿ ಲೋಟ ತೊಳೆಯುತ್ತಾ ಸಿಕ್ಕಿದ. ಅಲ್ಲಿಯೂ ಜಾತಿ ಮುಚ್ಚಿಟ್ಟೇ ಕೆಲಸಕ್ಕೆ ಸೇರಿದ್ದ.

ಅಪ್ಪ ಮಗ ಇಬ್ಬರೂ ಆ ಹಿತ್ತಲಲ್ಲಿ ಎದುರುಬದುರು ನಿಂತದ್ದು ಈಗಲೂ ನಮ್ಮ ಕಣ್ಣಲ್ಲಿದೆ. ನಾವು ಏಟು ಬೀಳುತ್ತೆ ಅಂದುಕೊಂಡಿದ್ದೆವು. ಅಪ್ಪ ಹೇಳಿದ್ದು ಇಷ್ಟು: ‘ಅಲ್ಲ ಕಣ್ ಮಗ, ಪೇಲಾದ್ರೆ ಏನಾಯ್ತು? ನಮ್ಮೂರಲ್ಲಿ ಮಳೆ ಪೇಲಾಗಲ್ವ? ಹಂಗಂತ ಬಿತ್ತೋದ ಬುಟ್ಟವ? ಒಂದು ಕಾಗ್ದ ಹಾಕ್ಬಾರ್ದಾಗಿತ್ತ?’

ಮಗ ತಲೆ ಎತ್ತದೆ ಕೇಳಿದ: ‘ಹಾಕಿದ್ರೆ ಓದೋರು ಯಾರಪ್ಪ?’

ಅಪ್ಪನಿಗೆ ಉತ್ತರ ಇರಲಿಲ್ಲ. ಅಲ್ಲಿದ್ದ ನಮಗೂ ಇರಲಿಲ್ಲ. ಅವತ್ತು ನಮಗೆ ಒಂದು ವಿಚಾರ ಹೊಳೆಯಿತು. ಆ ಹುಡುಗನನ್ನು ಓಡಿಸಿದ್ದು ಫೇಲಾದದ್ದಲ್ಲ. ಅಪ್ಪನ ಸಿಟ್ಟೂ ಅಲ್ಲ, ಅಪ್ಪನಿಗೆ ಸಿಟ್ಟೇ ಇರಲಿಲ್ಲ. ನಿಜ ಹೇಳಿಕೊಳ್ಳೋಕೆ ಒಂದು ಜಾಗ ಇಲ್ಲದ್ದು ಅವನನ್ನು ಓಡಿಸಿತು. ಆ ಜಾಗ ಊರಿನ ಜಗಲಿಯ ಮೇಲೆ ಇರಲಿಲ್ಲ, ಸರಿ. ನಮ್ಮ ರೂಮಿನಲ್ಲಾದರೂ ಇರಬಹುದಿತ್ತಲ್ಲ? ಏಳು ಚಾಪೆ ಒಂದಕ್ಕೊಂದು ತಾಗಿಕೊಂಡು ಹಾಸುತ್ತಿದ್ದೆವು. ಒಂದು ರಾತ್ರಿಯಾದರೂ ಅವನು ಪಕ್ಕದ ಚಾಪೆಯವನಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ಕೇಳಬಹುದಾಗಿತ್ತು ನಾವು. ಕೇಳಲಿಲ್ಲ. ಮೇಲ್ಜಾತಿಯವರ ಮುಂದೆ ಮುಚ್ಚಿಕೊಳ್ಳೋದನ್ನ ಕಲಿತವರು ನಮ್ಮ ನಮ್ಮೊಳಗೇ ಮುಚ್ಚಿಕೊಳ್ಳುವಂತಾಗಿದ್ದೆವು. ಜಾತಿ ವ್ಯವಸ್ಥೆ ಮಾಡುವ ದೊಡ್ಡ ಕೇಡು ಇದೇ ಅಂತ ನಮಗೆ ಅನ್ನಿಸುತ್ತದೆ. ಹೊಡೆಯುವುದು ಒಂದು ಕೇಡು. ಹೊಡೆತ ತಿಂದವನು ತನ್ನ ಪಕ್ಕದವನಿಗೂ ಹೇಳದ ಹಾಗೆ ಮಾಡುವುದು ಅದಕ್ಕಿಂತ ದೊಡ್ಡದು.

ನಮಗಿಂತ ಮೊದಲು ಹಾಸ್ಟೆಲಿನಲ್ಲಿದ್ದವರು ಇದನ್ನು ಒಮ್ಮೆ ಮುರಿದಿದ್ದರು. 1973ರ ಬೂಸಾ ಪ್ರಕರಣ ನೀವು ಕೇಳಿರಬೇಕು. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ಅದಕ್ಕೆ ರಾಜ್ಯದಲ್ಲೆಲ್ಲ ಗಲಾಟೆ ಎದ್ದು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆಗ ಏಟು ತಿಂದ ಹುಡುಗರು ‘ನನಗೇನೂ ಆಗಿಲ್ಲ’ ಅನ್ನಲಿಲ್ಲ. ಒಂದು ಕಡೆ ಕೂತರು, ಆದದ್ದನ್ನು ಹೇಳಿಕೊಂಡರು, ಬರೆದರು, ಅಚ್ಚು ಹಾಕಿದರು. ಕರ್ನಾಟಕದ ದಲಿತ ಚಳುವಳಿಗೆ ಅಲ್ಲಿಂದ ಕಸುವು ಬಂತು. ಹಾಸ್ಟೆಲ್ ರೂಮುಗಳೇ ಅದರ ಆಫೀಸು. ನೋವನ್ನು ಒಬ್ಬನೇ ಇಟ್ಟುಕೊಂಡರೆ ಅದು ನಾಚಿಕೆ. ಹತ್ತು ಜನ ಕೂತು ಆಡಿದರೆ ಅದೇ ಸಂಘಟನೆ. ಇದು ಗೊತ್ತಿದ್ದೂ ನಾವು ಸಭೆಯಲ್ಲಿ ಘೋಷಣೆ ಕೂಗಿ ರೂಮಿಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆವು.

ಇನ್ನೊಂದು ತಪ್ಪು ಹೇಳಬೇಕು. ಇಲ್ಲಿ ಕೂತಿರುವ ಹುಡುಗರು ವಿಶೇಷವಾಗಿ ಕೇಳಿ.

ನಮ್ಮ ಓದಿಗೆ ದುಡ್ಡು ಕೊಟ್ಟದ್ದು ಸರ್ಕಾರ, ಅಪ್ಪ ಅಂತ ನಾವು ಲೆಕ್ಕ ಹಾಕಿಕೊಂಡಿದ್ದೆವು. ನಮ್ಮ ಮನೆಗಳಲ್ಲಿ ಒಬ್ಬೊಬ್ಬಳು ತಂಗಿಯೋ ಅಕ್ಕನೋ ಇದ್ದಳು. ನಮ್ಮಷ್ಟೇ ಚುರುಕು. ನಾವು ಹೈಸ್ಕೂಲಿಗೆ ಸೇರಿದ ವರ್ಷವೇ ಅವಳನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿದರು. ನಮ್ಮ ಬದಲಿಗೆ ಅವಳು ದನ ಕಾಯ್ದಳು, ಕಳೆ ಕಿತ್ತಳು, ಕೂಲಿಗೆ ಹೋದಳು. ನಾವು ರಜಕ್ಕೆ ಹೋದಾಗ ನಮ್ಮ ಪುಸ್ತಕದ ಮೇಲಿನ ಅಕ್ಷರವನ್ನು ಕೂಡಿಸಿಕೊಂಡು ಓದುತ್ತಾ ಕೂರೋಳು. ನಮ್ಮಲ್ಲೊಬ್ಬ ‘ಕೊಳೆ ಆಗುತ್ತೆ, ಮುಟ್ಟಬೇಡ’ ಅಂದುಬಿಟ್ಟ. ಮುಟ್ಟಬೇಡ ಅನ್ನೋ ಮಾತನ್ನು ಜೀವಮಾನವೆಲ್ಲ ಕೇಳಿಸಿಕೊಂಡ ಬಾಯಲ್ಲಿ ಅದೇ ಮಾತು ಬಂತು! ಮುಂದೆ ಅವಳ ಮದುವೆಗೆ ಸಾಲ ಮಾಡಿ, ತಂಗಿಯನ್ನು ನಾವೇ ದಡ ಸೇರಿಸಿದೆವು ಅಂತ ಊರಲ್ಲೆಲ್ಲ ಹೇಳಿಕೊಂಡೆವು. ಯಾರು ಯಾರನ್ನು ದಡ ಸೇರಿಸಿದ್ದು?

ಆ ಅಕ್ಷರ ಕೂಡಿಸುವ ತಂಗಿಗೆ ಒಂದು ರಜದಲ್ಲಿ ನಾವು ಓದು ಬರಹ ಕಲಿಸಿದ್ದರೆ ಅವ್ವ ಜಗಲಿಯ ಕೆಳಗೆ ಹೋಗಿ ನಿಲ್ಲಬೇಕಿರಲಿಲ್ಲ. ನಮ್ಮ ಮನೆಯ ಕಾಗದವನ್ನು ನಮ್ಮ ಮನೆಯೇ ಬರೆಯುತ್ತಿತ್ತು. ನಮ್ಮ ಗೆಳೆಯನ ಕಾಗದವನ್ನು ಅವನ ತಂಗಿಯೇ ಓದುತ್ತಿದ್ದಳು. ಇದು ನಮಗೆ ಹೊಳೆಯಲೇ ಇಲ್ಲ. ಆ ಪಾಪ ಯಜಮಾನರದ್ದಲ್ಲ, ನಮ್ಮದು.

1855ರಲ್ಲಿ ಪುಣೆಯಲ್ಲಿ ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ ಮಾಂಗ್ ಜಾತಿಯ ಹುಡುಗಿ ಮುಕ್ತಾಬಾಯಿ ತನ್ನ ಕೈಯಾರೆ ಒಂದು ಪ್ರಬಂಧ ಬರೆದಳು. ಮಹಾರ್ ಮಾಂಗ್ ಜನರ ದುಃಖ ಏನು ಅಂತ. ಅದು ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಇನ್ನೂ ಶಾಲೆಯ ಹುಡುಗಿ ಅವಳು. ‘ನಮ್ಮಲ್ಲಿ ಎಲ್ಲರೂ ಕ್ಷೇಮ’ ಅಂತ ಅವಳು ಬರೆಯಲಿಲ್ಲ. ಕ್ಷೇಮ ಇಲ್ಲ, ಯಾಕಿಲ್ಲ ಅಂತ ಬರೆದಳು. ಅಕ್ಷರ ಕಲಿಯೋದು ಇದಕ್ಕೇ ಅಂತ ನಮಗನ್ನಿಸುತ್ತದೆ.

ಬಾಬಾಸಾಹೇಬರನ್ನು ನೋಡಿ. 1913ರಲ್ಲಿ ಬರೋಡ ಸಂಸ್ಥಾನದ ಸ್ಕಾಲರ್‌ಷಿಪ್ಪಿನಲ್ಲಿ ಅಮೆರಿಕದ ಕೊಲಂಬಿಯಾಕ್ಕೆ ಹೋದರು. ಅವರೂ ಒಬ್ಬ ಸ್ಕಾಲರ್‌ಷಿಪ್ ವಿದ್ಯಾರ್ಥಿಯೇ. 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದಾಗ ಇರೋಕೆ ಒಂದು ರೂಮು ಸಿಗಲಿಲ್ಲ. ಜಾತಿ ಮರೆಸಿ ಪಾರ್ಸಿ ವಸತಿಗೃಹದಲ್ಲಿ ಇಳಿದುಕೊಂಡರು. ಗೊತ್ತಾದ ಮೇಲೆ ದೊಣ್ಣೆ ಹಿಡಿದು ಬಂದು ಹೊರಡಿಸಿದರು. ಇದು ನಮಗೆ ಹೇಗೆ ಗೊತ್ತು? ಅವರೇ ಬರೆದಿಟ್ಟರು. ಮುಚ್ಚಿಡಲಿಲ್ಲ. ಜಾತಿ ಮರೆಸಬೇಕಾಗಿ ಬಂದದ್ದನ್ನೂ ಮುಚ್ಚಿಡಲಿಲ್ಲ. ಅವರು ಓದುತ್ತಿದ್ದ ವರ್ಷಗಳಲ್ಲಿ ಮುಂಬೈನಲ್ಲಿ ಬಡತನ ಹೊತ್ತವರು, ಮಕ್ಕಳ ಸಾವನ್ನು ಕಂಡವರು ರಮಾಬಾಯಿ. 1935ರಲ್ಲಿ ರಮಾಬಾಯಿ ತೀರಿಕೊಂಡರು. ಪಾಕಿಸ್ತಾನದ ಪ್ರಶ್ನೆ ಕುರಿತ ತಮ್ಮ ಪುಸ್ತಕವನ್ನು ಬಾಬಾಸಾಹೇಬರು ಅವರ ನೆನಪಿಗೆ ಅರ್ಪಿಸಿದರು. ಯಾರ ಕಷ್ಟದ ಮೇಲೆ ತಾನು ಓದಿದೆ ಅನ್ನೋದನ್ನು ಲೋಕದ ಮುಂದೆ ಹೇಳಿದರು. ನಾವು ನಮ್ಮ ತಂಗಿಯ ಹೆಸರನ್ನು ಎಲ್ಲಿ ಬರೆದೆವು?

‘ಅದೆಲ್ಲ ನಿಮ್ಮ ಕಾಲದ್ದು, ಈಗ ಎಲ್ಲರ ಕೈಲೂ ಫೋನಿದೆ’ ಅಂತ ನೀವು ಅನ್ನಬಹುದು. ನಿಜ. ಜಗಲಿಯ ಹಂಗಿಲ್ಲ. ಅವ್ವ ನೇರವಾಗಿ ಮಾತಾಡುತ್ತಾಳೆ. ಆದರೆ ರಾತ್ರಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ನೀವು ಫೋನಿನಲ್ಲಿ ಆಡೋ ಮಾತು ಏನು? ‘ಊಟ ಆಯ್ತು ಕಣವ್ವ. ಚೆನ್ನಾಗಿದೀನಿ. ಓದ್ತಾ ಇದೀನಿ.’ ಆ ಕಡೆಯಿಂದ ಅವ್ವ: ‘ನಾವೂ ಚೆನ್ನಾಗಿದೀವಿ ಮಗ, ನೀನು ಓದ್ಕೊ.’ ಅದೇ ಉಭಯಕುಶಲ! ಕಾಗದ ಹೋಯಿತು, ಸುಳ್ಳು ಉಳಿಯಿತು. ಸ್ಕಾಲರ್‌ಷಿಪ್ ಅರ್ಜಿ ಈಗ ಕಂಪ್ಯೂಟರಿನಲ್ಲಿ, ದುಡ್ಡು ಆಧಾರ್ ಜೋಡಿಸಿದ ಖಾತೆಗೆ. ಆದರೂ ತಡವಾದರೆ ಊಟ ಬಿಟ್ಟು ಸುಮ್ಮನಿರುವ ಹುಡುಗ ಈಗಲೂ ಇದ್ದಾನೆ. ಬಾಡಿಗೆ ರೂಮು ಹುಡುಕುತ್ತಾ ಹೋದರೆ ‘ನೀವು ವೆಜ್ಜಾ?’ ಅಂತ ಕೇಳುತ್ತಾರೆ. ಹಳೆಯ ‘ಯಾರ ಪೈಕಿ’ಯೇ ಹೊಸ ಷರಟು ಹಾಕಿಕೊಂಡು ಬಂದಿದೆ.

2016ರ ಜನವರಿಯಲ್ಲಿ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲನನ್ನು ಕಳಕೊಂಡೆವು. ಅವನನ್ನೂ ಸೇರಿ ಐದು ಜನ ಹುಡುಗರನ್ನು ಹಾಸ್ಟೆಲಿನಿಂದ ಹೊರಹಾಕಿದ್ದರು. ಅವರು ಬಯಲಲ್ಲಿ ಟೆಂಟು ಕಟ್ಟಿ ಅದಕ್ಕೆ ವೆಲಿವಾಡ, ಅಂದರೆ ಊರಾಚೆಯ ಕೇರಿ, ಅಂತ ಹೆಸರಿಟ್ಟರು. ಆ ಸಾವಿಗೆ ವ್ಯವಸ್ಥೆ ಉತ್ತರ ಹೇಳಬೇಕು, ಕೇಳುತ್ತಲೇ ಇರೋಣ. ಆದರೆ ಗೆಳೆಯರೆ, ನಮ್ಮ ಪಕ್ಕದ ಚಾಪೆಯಲ್ಲಿ ಮಲಗಿರುವವನ ವಿಚಾರಕ್ಕೆ ಉತ್ತರ ಹೇಳಬೇಕಾದವರು ನಾವು.

ಅದಕ್ಕೇ ನಾಲ್ಕು ಸಣ್ಣ ಕೆಲಸ ಹೇಳಿ ಮುಗಿಸುತ್ತೇವೆ. ಇದಕ್ಕೆ ದುಡ್ಡು ಬೇಕಿಲ್ಲ, ವಾರ್ಡನ್ನರ ಪರ್ಮಿಷನ್ನೂ ಬೇಕಿಲ್ಲ.

ಒಂದು: ವಾರಕ್ಕೊಂದು ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ರೂಮಿನವರೆಲ್ಲ ಕೂತುಕೊಳ್ಳಿ. ಆ ವಾರ ಏನಾಯಿತು ಅಂತ ಒಬ್ಬೊಬ್ಬರೂ ಹೇಳಿ. ಕ್ಲಾಸಿನಲ್ಲಿ ಅರ್ಥವಾಗದ್ದು, ಯಾರೋ ಆಡಿದ ಮಾತು, ಕೈಲಿ ದುಡ್ಡಿಲ್ಲದ್ದು, ಎಲ್ಲ. ಯಾರೂ ನಗಬಾರದು, ಬುದ್ಧಿ ಹೇಳಬಾರದು, ಆ ಮಾತು ಹೊರಗೆ ಹೋಗಬಾರದು.

ಎರಡು: ರಿಸಲ್ಟು ಬರುವ ದಿನ ಯಾರನ್ನೂ ಒಬ್ಬನೇ ಬಿಡಬೇಡಿ. ಫೇಲಾದವನ ಜೊತೆ ಒಬ್ಬ ಅವನ ಊರಿನವರೆಗೂ ಹೋಗಿ. ಅವನ ಮನೆಯಲ್ಲಿ ಒಂದು ಮುದ್ದೆ ಉಂಡು ಬನ್ನಿ. ಬಸ್‌ಸ್ಟಾಂಡಿನಿಂದಲೇ ಹಿಂದಕ್ಕೆ ಬರಬೇಡಿ, ನಾವು ಬಂದ ಹಾಗೆ.

ಮೂರು: ಮನೆಗೆ ನಿಜ ಹೇಳಿ. ಇವತ್ತೇ ಎಲ್ಲವನ್ನೂ ಬೇಡ. ಒಂದೊಂದು ನಿಜ. ‘ಅವ್ವ, ಇಂಗ್ಲಿಷ್ ಕಷ್ಟ ಆಯ್ತಾ ಇದೆ’ ಅನ್ನಿ. ‘ನನ್ನ ಕೈಲಿ ಅಮಲ್ದಾರ ಆಗೋಕೆ ಆಗ್ದೇ ಇರಬೋದು, ಬೇರೆ ಏನಾರ ಮಾಡ್ತೀನಿ’ ಅನ್ನಿ. ಆಮೇಲೆ ಅವಳನ್ನೂ ಕೇಳಿ. ನಿಮ್ಮ ಫೀಸಿಗೆ ಏನು ಮಾರಿದರು, ಎಷ್ಟು ಸಾಲ ಇದೆ ಅಂತ ಕೇಳಿ ತಿಳಕೊಳ್ಳಿ. ನಿಮ್ಮಪ್ಪ ಅವ್ವ ನೀವು ಅಂದುಕೊಂಡಿರೋದಕ್ಕಿಂತ ಗಟ್ಟಿ. ಮಳೆ ಫೇಲಾದ ವರ್ಷಗಳನ್ನು ದಾಟಿ ಬಂದವರು ಅವರು.

ನಾಲ್ಕು: ರಜಕ್ಕೆ ಹೋದಾಗ ಮನೆಯಲ್ಲಿ ಓದು ಬಿಟ್ಟವರು ಯಾರಿದ್ದಾರೆ ನೋಡಿ. ಅವರ ಕೈಗೆ ನಿಮ್ಮ ಪುಸ್ತಕ ಕೊಡಿ. ಇಲ್ಲಿ ಕೂತಿರುವ ತಂಗಿಯರನ್ನು ಮದುವೆ ಅಂತ ಓದು ಬಿಡಿಸಿದರೆ ಅಣ್ಣತಮ್ಮಂದಿರು ಅಪ್ಪನ ಎದುರು ನಿಂತು ಬೇಡ ಅನ್ನಿ. ಸಭೆಯಲ್ಲಿ ಸಾವಿತ್ರಿಬಾಯಿ ಹೆಸರು ಹೇಳುವ ಬಾಯಿಗೆ ಮನೆಯಲ್ಲಿಯೂ ಮಾತು ಬರಬೇಕು.

ಆ ನಮ್ಮ ಗೆಳೆಯ ಏನಾದ ಅಂತ ನಿಮ್ಮ ಮನಸ್ಸಿನಲ್ಲಿರುತ್ತದೆ. ಅಪ್ಪನ ಜೊತೆ ವಾಪಸು ಬಂದ. ಸೈನ್ಸ್ ಬಿಟ್ಟು ಆರ್ಟ್ಸ್ ತೆಗೆದುಕೊಂಡ, ಪಾಸಾದ, ಮೇಷ್ಟ್ರಾದ. ಅಮಲ್ದಾರ ಆಗಲಿಲ್ಲ. ಕೇರಿಯಲ್ಲಿ ರಾತ್ರಿ ಶಾಲೆ ಮಾಡಿ ಹೆಂಗಸರಿಗೆ ಅಕ್ಷರ ಕಲಿಸಿದ. ಹತ್ತು ಜನ ಕಲಿತರು ಅಷ್ಟೆ, ಊರೇನೂ ಬದಲಾಗಲಿಲ್ಲ. ಆದರೆ ಆ ಹತ್ತು ಮನೆಯ ಕಾಗದ ಆಮೇಲೆ ಜಗಲಿಗೆ ಹೋಗಲಿಲ್ಲ. ಅವನವ್ವ ಮೊದಲ ಸಲ ತನ್ನ ಕೈಯಾರೆ ನಮ್ಮ ರೂಮಿಗೆ ಒಂದು ಕಾರ್ಡು ಬರೆದಿದ್ದಳು. ಅಂಕುಡೊಂಕು ಅಕ್ಷರ. ಉಭಯಕುಶಲ ಇರಲಿಲ್ಲ. ‘ಮಳೆ ಇಲ್ಲ. ಮೇಕೆ ಸತ್ತೋಯ್ತು. ನಾವು ಅವ್ರೆ. ನೀವು ಎಂಗಿದ್ದೀರಿ ಬರೀರಿ’ ಅಂತಿತ್ತು.

ಕ್ಷೇಮ ಅನ್ನೋ ಮಾತು ಆ ಕಾರ್ಡಿನಲ್ಲಿ ಇರಲೇ ಇಲ್ಲ. ಆದರೂ ಅವತ್ತು ನಾವೆಲ್ಲ ಮೊದಲ ಸಲ ಮನೆಯಿಂದ ಒಂದು ಕಾಗದ ಬಂತು ಅಂದುಕೊಂಡೆವು.

ಜೈ ಭೀಮ್.